ಗಂಟೆ ಬಾರಿಸುವ ಮಾವನನ್ನು ಹತ್ತು ನಿಮಿಷ ಗೈರುಹಾಜರೆಂದು ಪರಿಗಣಿಸುವ ಕುರಿತು

ಇಂದ:
ಖಂಡಪ್ಪ ತಂದೆ ಬಸವಂತರಾಯ, ವಯಸ್ಸು 58,
ಕಾಯಂ ಜವಾನ (ಗಂಟೆ, ಗ್ರಂಥಾಲಯ ಹಾಗೂ ನೀರಿನ ಟಾಕಿ),
ಸಿದ್ಧಸಾಗರ ಪದವಿ ಕಾಲೇಜು, ಆಳಂದ.
ವಾಸ: ನರೋಣಾ, ತಾಲ್ಲೂಕು ಆಳಂದ.

ಗೆ:
ಮಾನ್ಯ ಅಧ್ಯಕ್ಷರು,
ಬರಹ ಮತ್ತು ಮಾತು ಮೌಲ್ಯಮಾಪನ ಸಮಿತಿ,
ವಿಶ್ವವಿದ್ಯಾಲಯ ಪರೀಕ್ಷಾ ವಿಭಾಗ.
(ಕಾಲೇಜಿನ ಪ್ರಾಂಶುಪಾಲರ ಮುಖಾಂತರ)

ವಿಷಯ: ಮಾತಿನ ಪರೀಕ್ಷೆಯಲ್ಲಿ ಮಾತನಾಡದ ವಿದ್ಯಾರ್ಥಿನಿಗೆ ಮರುಪರೀಕ್ಷೆ ನೀಡುವ ಬಗ್ಗೆ; ಹಾಗೂ ಆ ವೇಳೆಯಲ್ಲಿ ಅರ್ಜಿದಾರನನ್ನು ಕೊಠಡಿಯಲ್ಲಿ ಇಲ್ಲದವನೆಂದು ತಿಳಿಯುವ ಬಗ್ಗೆ.

ಉಲ್ಲೇಖ:
1) ಪದವಿ ತರಗತಿಗಳ ಬರಹ ಮತ್ತು ಮಾತು ನಿಯಮಾವಳಿ, ನಿಯಮ 4, 7, 9 ಮತ್ತು 11.
2) ದಿನಾಂಕ 18.3.2025ರ ಅಂಕಪಟ್ಟಿ, ಕ್ರಮಸಂಖ್ಯೆ 14.
3) ಅರ್ಜಿದಾರನು ಸ್ವಂತ ಕೈಯಿಂದ ಬರೆದು ದಿನಾಂಕ 19.3.2025ರಂದು ಕೊಟ್ಟ ಅರ್ಜಿ. "ಉದ್ದೇಶ ಸ್ಪಷ್ಟವಿಲ್ಲ" ಎಂಬ ಷರಾದೊಂದಿಗೆ ಅದೇ ದಿನ ವಾಪಸಾದದ್ದು.

ಮಾನ್ಯರೇ,

1. ದಿನಾಂಕ 18.3.2025, ಮಂಗಳವಾರ, ಬೆಳಗ್ಗೆ 11.20. ಕೊಠಡಿ ಸಂಖ್ಯೆ 6ರಲ್ಲಿ ಬಿ.ಎ. ಆರನೇ ಸೆಮಿಸ್ಟರಿನ ವಿದ್ಯಾರ್ಥಿನಿ ಸುವರ್ಣಾ ಎದ್ದು ಹಲಗೆಯ ಮುಂದೆ ಬಂದು ನಿಂತಳು. ಹತ್ತು ನಿಮಿಷ ನಿಂತಳು. ಒಂದು ಮಾತೂ ಆಡಲಿಲ್ಲ. 11.30ಕ್ಕೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಆ ಹತ್ತು ನಿಮಿಷವನ್ನು ಗಡಿಯಾರ ನೋಡಿ ಅಳೆದವನು ಅರ್ಜಿದಾರನೇ. ಎಂಟನೇ ನಿಮಿಷಕ್ಕೆ ಒಂದು ಗಂಟೆ, ಹತ್ತನೇ ನಿಮಿಷಕ್ಕೆ ಎರಡು ಗಂಟೆ ಬಾರಿಸಿದವನೂ ಅವನೇ. ಸದರಿ ವಿದ್ಯಾರ್ಥಿನಿಯು ಅರ್ಜಿದಾರನ ಸೊಸೆಯಾಗಿರುತ್ತಾಳೆ. ಆಕೆ ಮಾತನಾಡದಿರಲು ಕಾರಣ ಅರ್ಜಿದಾರನು ಅಲ್ಲಿ ಕುಳಿತದ್ದು. ಬೇರೆ ಕಾರಣ ಇರುವುದಿಲ್ಲ.

2. ತಮಗೆ ತಿಳಿದಿರುವಂತೆ, ನಿಯಮ 4ರ ಪ್ರಕಾರ ಪದವಿ ಪಡೆಯುವ ಪ್ರತಿಯೊಬ್ಬರೂ ಕೊನೆಯ ಸೆಮಿಸ್ಟರಿನಲ್ಲಿ ಒಂದು ವಿಷಯದ ಮೇಲೆ ಸಾವಿರದ ಐನೂರು ಪದಗಳ ಪ್ರಬಂಧ ಬರೆಯಬೇಕು. ಅದೇ ವಿಷಯವನ್ನು ಹನ್ನೆರಡು ಮಂದಿಗೆ ಕಡಿಮೆಯಿಲ್ಲದ ಸಭೆಯ ಮುಂದೆ ಕಾಗದ ನೋಡದೆ ಹತ್ತು ನಿಮಿಷ ಹೇಳಬೇಕು. ಎರಡಕ್ಕೂ ತಲಾ 25 ಅಂಕ; ಎರಡರಲ್ಲೂ ಕನಿಷ್ಠ 10 ಬೇಕು. ಬರಹದ ಅಂಕವನ್ನು ಮಾತಿಗೆ ಕೊಡಲು ಬರುವುದಿಲ್ಲವೆಂದು ನಿಯಮ 11 ಹೇಳುತ್ತದೆ. ಸುವರ್ಣಾಗೆ ಬರಹದಲ್ಲಿ 24, ಮಾತಿನಲ್ಲಿ ಸೊನ್ನೆ. ಆದ್ದರಿಂದ ಪದವಿ ಇಲ್ಲ. ಪದವಿ ಇಲ್ಲದ ಕಾರಣ ಬಿ.ಎಡ್. ಇಲ್ಲ. ಬಿ.ಎಡ್. ಮಾಡಿ ಶಿಕ್ಷಕಿಯಾಗುವುದು ಆಕೆ ಮದುವೆಗೆ ಮುಂಚೆಯೇ ಇಟ್ಟ ಒಂದೇ ಷರತ್ತಾಗಿತ್ತು. ಅದಕ್ಕೆ ಒಪ್ಪಿ ತಲೆಯಾಡಿಸಿದವನು ಅರ್ಜಿದಾರ.

3. ಈ ಅರ್ಜಿ ಬರೆದ ಬಗೆಯನ್ನು ಇಲ್ಲಿಯೇ ತಿಳಿಸುವುದು ಸೂಕ್ತ. ಉಲ್ಲೇಖ 3ರ ಅರ್ಜಿ ವಾಪಸಾದ ಮೇಲೆ ಅರ್ಜಿದಾರನು ಮನೆಯ ಅಂಗಳದಲ್ಲಿ ಎಮ್ಮೆಯ ಕಡೆಗೆ ಮುಖ ಮಾಡಿ ನಿಂತು ಸಂಗತಿಯನ್ನೆಲ್ಲ ಹೇಳಿದನು. ಬಾಗಿಲ ಒಳಗೆ ಕುಳಿತ ಸುವರ್ಣಾ ಅದನ್ನು ಅರ್ಜಿಯ ಭಾಷೆಗೆ ತಂದು ಬರೆದುಕೊಂಡಳು. ಹೇಳಿದ್ದು ಎಮ್ಮೆಗೆ, ಬರೆದದ್ದು ಸೊಸೆ. ಮದುವೆಯಾದ ಹತ್ತು ತಿಂಗಳಿಂದ ಮನೆಯಲ್ಲಿ ಎಲ್ಲ ವ್ಯವಹಾರ ಹೀಗೇ ನಡೆದಿದೆ. "ನಾಳೆ ಎಂಟರ ಬಸ್ಸು ಬರಂಗಿಲ್ಲಂತ, ಏಳರದಕ್ಕ ಹೋಗಬೇಕು" ಎಂದು ಅರ್ಜಿದಾರ ಎಮ್ಮೆಗೆ ಹೇಳಿದರೆ, ಒಳಗಿನಿಂದ ಪಾತ್ರೆಯ ಮುಚ್ಚಳ ಎರಡು ಸಲ ಸಪ್ಪಳವಾಗುತ್ತದೆ. ಎರಡು ಸಲ ಎಂದರೆ ಆಯಿತು ಎಂದರ್ಥ. ಒಂದೇ ಸಲ, ಅದೂ ಜೋರಾಗಿ ಬಿದ್ದರೆ ಒಪ್ಪಿಗೆ ಇಲ್ಲ ಎಂದರ್ಥ.

ಕೆಲವು ಸಂಗತಿಗಳಲ್ಲಿ ಬರೆದವಳಿಗೆ ಭಿನ್ನಾಭಿಪ್ರಾಯವಿದ್ದು, ಅದನ್ನು ಆಯಾ ಸ್ಥಳದಲ್ಲೇ ಟಿಪ್ಪಣಿಯಾಗಿ ನಮೂದಿಸಿದ್ದಾಳೆ. ಅರ್ಜಿದಾರನು ಅವನ್ನು ಓದಿದ್ದಾನೆ; ಹೊಡೆದುಹಾಕಿಲ್ಲ.

4. ಮಾವನ ಎದುರು ಸೊಸೆ ಮಾತನಾಡಬಾರದು, ಮಾವನೂ ಸೊಸೆಯನ್ನು ನೇರವಾಗಿ ಮಾತನಾಡಿಸಬಾರದು ಎಂಬುದು ಅರ್ಜಿದಾರನ ಮನೆತನದ ಪದ್ಧತಿ. ಎಲ್ಲ ಮನೆಗಳಲ್ಲಿ ಇದೆಯೆಂದು ಅರ್ಜಿದಾರನು ಹೇಳುವುದಿಲ್ಲ. ಓಣಿಯಲ್ಲಿ ಒಂಬತ್ತು ಮನೆಗಳಿದ್ದು, ಈಗ ಮೂರರಲ್ಲಿದೆ. ಇದನ್ನು ಅರ್ಜಿದಾರ ಹೇರಿಲ್ಲ. ಮದುವೆಯಾದ ಎಂಟನೇ ದಿನವೇ ಇನ್ನು ಮೇಲೆ ಮಾತನಾಡಬಹುದು ಎಂದು ಎಮ್ಮೆಯ ಮೂಲಕ ತಿಳಿಸಿದ್ದನು. ಅದನ್ನು ಕೇಳಿಸಿಕೊಂಡ ಹೆಂಡತಿ ಗೌರಾಬಾಯಿ ಹೊರಗೆ ಬಂದು, ಪದ್ಧತಿ ಇರುವುದು ಹೆಂಗಸರ ಕೈಯಲ್ಲಿ, ಬಿಡಲು ನೀವು ಯಾರು ಎಂದು ಕೇಳಿದಳು. ಆಕೆ ಹೇಳಿದ್ದು ಇಷ್ಟು:

"ಹತ್ತೊಂಬತ್ತು ವರ್ಷ ನಿಮ್ಮಪ್ಪನ ಮುಂದ ನಾ ಬಾಯಿ ತೆಗಿಲಿಲ್ಲ. ತೆಗದಿದ್ದು ಅವರು ಸತ್ತ ದಿನ, ಅಳಾಕ. ಈಕಿಗೆ ಎಂಟ ದಿನಕ್ಕ ಬಿಡಸ್ತೀರಿ. ಹಂಗಾದ್ರ ನಂದು ಯಾವ ಲೆಕ್ಕಕ್ಕ?"

ಅರ್ಜಿದಾರನು ಎಮ್ಮೆಗೆ ಹೇಳಿದ್ದನ್ನು ವಾಪಸು ಪಡೆದನು. ಸುವರ್ಣಾ ಸಹ ಅತ್ತೆಯ ಮಾತಿಗೆ ಬೆಲೆ ಕೊಟ್ಟು ಪದ್ಧತಿಯನ್ನೇ ಪಾಲಿಸಿದಳು. ಯಾರ ಮೇಲೂ ದೂರು ಇರುವುದಿಲ್ಲ.

5. ಇನ್ನು ಹೇಳಬೇಕಾದದ್ದು ಅರ್ಜಿದಾರನ ತಪ್ಪು. ಇದನ್ನು ಎಮ್ಮೆಗೆ ಹೇಳಲೂ ಅವನಿಗೆ ತಡವಾಯಿತು.

ಸುವರ್ಣಾ ಅಫಜಲಪುರ ತಾಲ್ಲೂಕಿನವಳು. ಮದುವೆಗೆ ಮುಂಚೆ ಆಳಂದದ ಹಾಸ್ಟೆಲಿನಲ್ಲಿದ್ದು ಇದೇ ಕಾಲೇಜಿಗೆ ಬರುತ್ತಿದ್ದಳು. ಆ ಎರಡು ವರ್ಷ ಕಾಲೇಜಿನಲ್ಲಿ ಅರ್ಜಿದಾರನೊಂದಿಗೆ ಅತಿ ಹೆಚ್ಚು ಮಾತನಾಡಿದ ವ್ಯಕ್ತಿ ಆಕೆಯೇ. ಬೆಳಗ್ಗೆ 9.30ಕ್ಕೆ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ "ಕಾಕಾ, ಪೇಪರ್ ಬಂದಾವೇನ್ರಿ?" ಎಂದು ನಿಂತಿರುತ್ತಿದ್ದಳು. ಕಾಲೇಜಿಗೆ ಮೂರು ಪತ್ರಿಕೆ ಬರುತ್ತವೆ. ಅರ್ಜಿದಾರನು ಏಳನೇ ತರಗತಿ ಓದಿದವನಾದರೂ ಮೂವತ್ತೊಂದು ವರ್ಷದಿಂದ ಮೂರನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿಯೇ ಕೋಲಿಗೆ ಸಿಕ್ಕಿಸುವವನು. ಆಳಂದದಲ್ಲಿ ಬಿದ್ದ ಮಳೆ ಒಂದು ಪತ್ರಿಕೆಯಲ್ಲಿ 12 ಮಿಲಿಮೀಟರ್, ಇನ್ನೊಂದರಲ್ಲಿ 21 ಎಂದು ಬಂದ ದಿನ, ಯಾವುದು ಸರಿ ಎಂದು ಇಬ್ಬರೂ ಮಧ್ಯಾಹ್ನದವರೆಗೆ ವಾದ ಮಾಡಿದ್ದರು. ಆಕೆ ತಾಲ್ಲೂಕು ಕಚೇರಿಗೆ ನಡೆದುಕೊಂಡು ಹೋಗಿ ಕೇಳಿ ಬಂದಳು. 12 ಸರಿ ಇತ್ತು. ಅರ್ಜಿದಾರ 21 ಎಂದಿದ್ದನು.

ಎರಡನೇ ಸೆಮಿಸ್ಟರಿನ ಚರ್ಚಾ ಸ್ಪರ್ಧೆಯಲ್ಲಿ ಅರ್ಜಿದಾರ ಗಂಟೆ ಬಾರಿಸಿದಾಗ ಆಕೆ ಭಾಷಣ ನಿಲ್ಲಿಸಿ ಅವನ ಕಡೆ ತಿರುಗಿ, "ಕಾಕಾ, ನಿಮ್ಮ ಗಡಿಯಾರ ಎರಡು ನಿಮಿಷ ಮುಂದ ಅದ, ನೋಡ್ಕೊಳ್ರಿ" ಎಂದಳು. ಸಭೆ ನಕ್ಕಿತು. ಸಂಜೆ ನೋಡಿದರೆ ಗಡಿಯಾರ ಮುಂದಿತ್ತು. ಎಷ್ಟು ವರ್ಷದಿಂದ ಮುಂದಿತ್ತೋ ತಿಳಿಯದು. ಅದುವರೆಗೆ ಯಾವ ಪ್ರಾಂಶುಪಾಲರೂ ಹೇಳಿರಲಿಲ್ಲ. ಅದೇ ವಾರ ಅರ್ಜಿದಾರನು ಮಗ ಗುರುಶಾಂತನಿಗೆ ಹೆಣ್ಣು ಗೊತ್ತುಮಾಡಲು ಅಫಜಲಪುರದ ಬಸ್ಸು ಹತ್ತಿದನು.

ಬರೆದವಳ ಟಿಪ್ಪಣಿ: ಗಡಿಯಾರ ಮುಂದಿದ್ದದ್ದು ಮೂರು ನಿಮಿಷ. ಎಲ್ಲರ ಮುಂದೆ ಎರಡು ಎಂದದ್ದು ಮರ್ಯಾದೆಗಾಗಿ.

ಹೀಗೆ, ಮಾತು ಮೆಚ್ಚಿ ಸೊಸೆಯನ್ನು ತಂದದ್ದು. ತಂದ ದಿನದಿಂದ ಆ ಮಾತು ನಿಂತದ್ದು. ತನ್ನ ಮನೆಯ ಪದ್ಧತಿ ಅರ್ಜಿದಾರನಿಗೆ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಗೊತ್ತಿತ್ತು. ನೆನಪಾಗಲಿಲ್ಲ. ಗ್ರಂಥಾಲಯದ ಬಾಗಿಲಲ್ಲಿ ಈಗಲೂ 9.30ಕ್ಕೆ ಆಕೆ ಬರುತ್ತಾಳೆ. ಅರ್ಜಿದಾರನು ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು ನೀರಿನ ಟಾಕಿಯ ಕಡೆಗೆ ಹೋಗುತ್ತಾನೆ.

6. ಇಬ್ಬರೂ ನರೋಣಾದಿಂದ ಒಂದೇ ಬಸ್ಸಿಗೆ ಬರುತ್ತಾರೆ. ಆಕೆ ಮುಂದಿನ ಸೀಟಿನಲ್ಲಿ, ಅರ್ಜಿದಾರ ಹಿಂದಿನ ಸೀಟಿನಲ್ಲಿ. ನಡುವೆ ಹೇಳುವುದೇನಾದರೂ ಇದ್ದರೆ ನಿರ್ವಾಹಕ ಸಲಾವುದ್ದೀನರ ಮೂಲಕ ಹೇಳಬೇಕಾಗುತ್ತದೆ. ಒಂದು ದಿನ ಅವರು ಅರ್ಜಿದಾರನ ಮುಂದೆ ಬಂದು ಟಿಕೆಟ್ ಯಂತ್ರ ತೋರಿಸಿ, "ಖಂಡಪ್ಪಣ್ಣ, ಸೊಸಿ ಕೇಳಾಕತ್ತಾಳ, ಡಬ್ಬಿ ತಂದೀರೇನು ಅಂತ. ಹೇಳೇನಿ. ಆದ್ರ ಈ ಮಷಿನ್‌ದಾಗ ಇದಕ್ಕ ಬಟನ್ ಇಲ್ಲ್ರಿ" ಎಂದಿದ್ದುಂಟು.

7. ಈಗ ದಿನಾಂಕ 18ಕ್ಕೆ ಬರುವುದು. ಗಂಟೆ ಬಾರಿಸುವವನು ಕಾಯಂ ನೌಕರನೇ ಆಗಿರಬೇಕು, ಆರಂಭದಿಂದ ಮುಗಿಯುವವರೆಗೆ ಹಾಜರಿರಬೇಕು ಎಂದು ನಿಯಮ 7 ಹೇಳುತ್ತದೆ. ಹಿಂದೊಮ್ಮೆ ವಿದ್ಯಾರ್ಥಿಗಳೇ ಗಂಟೆ ಹಿಡಿದಾಗ ಬೇಕಾದವರಿಗೆ ಹದಿನೈದು ನಿಮಿಷ, ಬೇಡವಾದವರಿಗೆ ಆರು ನಿಮಿಷ ಕೊಟ್ಟ ಕಾರಣ ಈ ನಿಯಮ ಬಂತು. ಕಾಲೇಜಿನಲ್ಲಿ ಇದ್ದ ಇಬ್ಬರು ಕಾಯಂ ಜವಾನರಲ್ಲಿ ಶ್ರೀಮಂತ ಎಂಬುವವರು ಜನವರಿಯಲ್ಲಿ ನಿವೃತ್ತರಾದರು. ಉಳಿದವನು ಅರ್ಜಿದಾರನೊಬ್ಬನೇ.

ಜೇವರ್ಗಿ ಕಡೆಯಿಂದ ಬಂದಿದ್ದ ಪರೀಕ್ಷಕಿ ಮಂಜರಿ ಮೇಡಂ ಅವರಿಗೆ ಇದಾವುದೂ ತಿಳಿದಿರಲಿಲ್ಲ. ಸುವರ್ಣಾ ನಿಂತು ಒಂದು ನಿಮಿಷವಾದರೂ ಬಾಯಿ ತೆಗೆಯದಿದ್ದಾಗ ಅವರು ಒಳ್ಳೆಯ ಮಾತಿನಲ್ಲಿ, ಹೆದರಬೇಡ, ವಿಷಯದ ಹೆಸರಾದರೂ ಹೇಳು ಎಂದರು. ಸಂಗತಿ ಹೊಳೆದು ಅರ್ಜಿದಾರನು ಎದ್ದನು. ಗಂಟೆಯವರು ಹೊರಗೆ ಹೋದರೆ ಇಡೀ ದಿನದ ಪರೀಕ್ಷೆ ರದ್ದಾಗುತ್ತದೆ, ಕುಳಿತುಕೊಳ್ಳಿ ಎಂದು ಮೇಡಂ ಹೇಳಿದರು. ಸುವರ್ಣಾಗಿಂತ ಮುಂಚೆ ಹದಿಮೂರು ಮಂದಿ ಮಾತನಾಡಿ ಮುಗಿಸಿದ್ದರು. ಅವರದೂ ಹೋಗುತ್ತಿತ್ತು. ಆದ್ದರಿಂದ ಕುಳಿತನು. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡನು. ಆಕೆಯಿಂದ ಮಾತು ಬರಲಿಲ್ಲ. ಹೆಗಲ ಮೇಲಿನ ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡನು. ಆಗಲೂ ಬರಲಿಲ್ಲ.

ಬರೆದವಳ ಟಿಪ್ಪಣಿ: ಟವೆಲು ಹೊದ್ದರೂ ಮಾವ ಮಾವನೇ. ನಗು ಬರುವಂತಾಯಿತು, ಅದನ್ನು ತಡೆಯಲು ಎರಡು ನಿಮಿಷ ಹೋಯಿತು.

ಮೂರು ನಿಮಿಷ ಸತತ ಮೌನವಿದ್ದರೆ "ಮಾತನಾಡಿಲ್ಲ" ಎಂದು ದಾಖಲಿಸಬೇಕೆಂಬುದು ನಿಯಮ 9. ಮೇಡಂ ಅವರು ಮೂರಲ್ಲ, ಹತ್ತು ನಿಮಿಷವೂ ಕಾದರು. ಅವರದು ಏನೂ ತಪ್ಪಿಲ್ಲ. ಟವೆಲಿನ ಒಳಗಿನಿಂದ ಗಡಿಯಾರ ನೋಡುತ್ತಾ ಅರ್ಜಿದಾರನೂ ಕಾದನು. ಮೂವತ್ತೊಂದು ವರ್ಷದಲ್ಲಿ ಅವನು ಬಹಳ ಜನರ ಮಾತನ್ನು ಗಂಟೆ ಬಾರಿಸಿ ನಿಲ್ಲಿಸಿದ್ದಾನೆ. ನಿಂತೇ ಇದ್ದ ಮಾತಿಗೆ ಗಂಟೆ ಬಾರಿಸಿದ್ದು ಅದೇ ಮೊದಲು.

8. ಮಗ ಗುರುಶಾಂತನು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿರುವವನು, ಯಂತ್ರದಿಂದ ಆಗದ್ದು ಇಲ್ಲ ಎಂದು ನಂಬಿದವನು. ಹೆಂಡತಿಯ ಮಾತನ್ನು ಮೊಬೈಲಿನಲ್ಲಿ ಹಿಡಿದು ಪರೀಕ್ಷಕರಿಗೆ ಕೇಳಿಸಿದರಾಯಿತು ಎಂದನು. ವಿಚಾರಿಸಲಾಗಿ, ಸಭೆಯ ಮುಂದೆಯೇ ಆಡಬೇಕು ಎಂಬ ಉತ್ತರ ಬಂತು. ಆದ ಕಾರಣ ಆ ಸಲಹೆ ಕೈಬಿಡಲಾಗಿದೆ.

9. ಸದರಿ ಪ್ರಬಂಧದ ವಿಷಯ "ಸಂಜೆಯ ಬಸ್ಸು ಮತ್ತು ಕಾಲೇಜಿಗೆ ಬಂದ ಹುಡುಗಿಯರು". ಆಳಂದದಿಂದ ನರೋಣಾಕ್ಕೆ ಸಂಜೆ 4.45ರ ಬಸ್ಸು ಇಲ್ಲದಾಗ ಊರಿನಿಂದ ಪದವಿಗೆ ಬರುತ್ತಿದ್ದ ಹುಡುಗಿಯರು ನಾಲ್ವರು, ಈಗ ಮೂವತ್ತೇಳು. ಪ್ರತಿ ಮನೆಗೂ ಹೋಗಿ ಕೇಳಿ ಬರೆದದ್ದು. ಪ್ರಬಂಧಗಳ ಕಟ್ಟು ಕಟ್ಟುವಾಗ ಅರ್ಜಿದಾರನು ಅದನ್ನು ಓದಿದ್ದಾನೆ. ಇದು ನಿಯಮಬಾಹಿರವೆಂದು ತಿಳಿದೇ ಓದಿದ್ದಾನೆ. ಬಹಳ ಚೆನ್ನಾಗಿದೆ. ಆದರೆ ನಾಲ್ಕನೇ ಪುಟದಲ್ಲಿ ಬಸ್ಸು ಆರಂಭವಾದ ವರ್ಷ 2013 ಎಂದಿದೆ. ಅದು ತಪ್ಪು. 2011. ಮೊದಲ ದಿನ ಗಾಲಿಗೆ ಕಾಯಿ ಒಡೆದಾಗ ಅರ್ಜಿದಾರ ಅದೇ ಬಸ್ಸಿನಲ್ಲಿದ್ದನು. ಕಾಯಿಯ ಒಂದು ಹೋಳು ಅವನಿಗೂ ಬಂದಿತ್ತು. ಇದನ್ನು ಆಕೆಗೆ ಹೇಳಲು ಎಮ್ಮೆಯ ದಾರಿ ಸಾಲದು. ಎಮ್ಮೆಯೊಂದಿಗೆ ವಾದ ಮಾಡಲಾಗುವುದಿಲ್ಲ.

ಬರೆದವಳ ಟಿಪ್ಪಣಿ: 2013 ಸರಿ ಇದೆ. ಆಧಾರ ಇದೆ. ಇಲ್ಲಿ ಜಾಗವಿಲ್ಲ.

10. ಮೇಲ್ಕಂಡ ಕಾರಣಗಳಿಂದ ಅರ್ಜಿದಾರನು ಗೌರಾಬಾಯಿಯನ್ನೇ ದಾರಿ ಕೇಳಿದನು. ಮಗಳಂಥ ಹುಡುಗಿಯ ಓದು ಕೆಡುವುದು ಆಕೆಗೂ ಬೇಕಿರಲಿಲ್ಲ. ಎರಡು ದಿನ ಯೋಚಿಸಿ, ರೊಟ್ಟಿ ಬಡಿಯುತ್ತಾ, ತೀರ್ಪು ಕೊಟ್ಟಳು: "ನಡುವ ಗ್ವಾಡಿ ಇದ್ರ ಸಾಕು. ಗ್ವಾಡಿ ಆಚೆ ಇದ್ದಾವ ಎದುರು ಇದ್ದಂಗಲ್ಲ." ಗೋಡೆಯಲ್ಲಿ ಕಿಟಕಿ ಇದ್ದರೆ ಹೇಗೆ ಎಂದು ಅರ್ಜಿದಾರ ಕೇಳಿದನು. "ಕಿಡಕಿ ಸುದ್ದಿ ನಾ ಹೇಳಿಲ್ಲ" ಎಂದಳು. ಹೇಳದಿರುವುದನ್ನು ಅನುಮತಿ ಎಂದು ಅರ್ಥ ಮಾಡಿಕೊಳ್ಳಲಾಗಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ:

ಅ) ಸುವರ್ಣಾಗೆ ಮಾತಿನ ಮರುಪರೀಕ್ಷೆ ನೀಡಬೇಕು.

ಆ) ಆ ವೇಳೆ ಅರ್ಜಿದಾರನು ಕೊಠಡಿ 6ರ ಹೊರಗೆ, ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ ಕುಳಿತು, ಗಂಟೆ ಹಿಡಿದ ಬಲಗೈಯನ್ನು ಮಾತ್ರ ಕಿಟಕಿಯೊಳಗೆ ಇಡಲು ಅವಕಾಶ ಕೊಡಬೇಕು. ನಿಯಮ 7ರ ಉದ್ದೇಶಕ್ಕೆ ಬಲಗೈಯನ್ನು ಹಾಜರೆಂದೂ, ಉಳಿದ ಭಾಗವನ್ನು ಗೈರುಹಾಜರೆಂದೂ ಪರಿಗಣಿಸಬೇಕು. ಇದಕ್ಕೆ ಅರ್ಧ ದಿನದ ರಜೆ ಕಡಿತಗೊಳಿಸಿದರೆ ಅರ್ಜಿದಾರನ ಅಭ್ಯಂತರವಿಲ್ಲ.

ಇ) ಕಿಟಕಿಯನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಗಾಳಿಗಾಗಿ ಎಂದು ದಾಖಲಿಸಬಹುದು. ಹತ್ತು ತಿಂಗಳಿಂದ ಕೇಳದಿರುವುದನ್ನು ಹತ್ತು ನಿಮಿಷ ಕೇಳುವುದಕ್ಕಾಗಿ ಎಂದು ಅರ್ಜಿದಾರನು ಹೇಳಿದ್ದನು. ಅದು ಅರ್ಜಿಯ ಭಾಷೆಗೆ ಬರುವುದಿಲ್ಲವೆಂದು ಬಿಡಲಾಗಿತ್ತು. ನಂತರ ಬರೆದವಳೇ ಸೇರಿಸಿದ್ದಾಳೆ.

ತಮ್ಮ ವಿಶ್ವಾಸಿ, ಸಮಯಕ್ಕೆ ಎಂದೂ ತಪ್ಪದ (ಮೂರು ನಿಮಿಷ ಹೊರತುಪಡಿಸಿ),
ಖಂಡಪ್ಪ

ಸ್ಥಳ: ನರೋಣಾ
ದಿನಾಂಕ: 21.3.2025
ಬರೆದವಳು: ಸುವರ್ಣಾ ಗಂಡ ಗುರುಶಾಂತ

ಅಡಕಗಳು:
1. ನಿಯಮಾವಳಿಯ ಸಂಬಂಧಪಟ್ಟ ಪುಟಗಳು.
2. ಅಂಕಪಟ್ಟಿಯ ನಕಲು.
3. ಅರ್ಜಿದಾರನ ಹಿಂದಿನ ಅರ್ಜಿ. ಒಟ್ಟು ಒಂದು ವಾಕ್ಯ: "ನಾನು ಇರುವುದರಿಂದ ಆಗಿದೆ, ನನ್ನನ್ನು ತೆಗೆಯಿರಿ."
4. ಗೋಡೆಯ ಕುರಿತು ಗೌರಾಬಾಯಿಯ ಹೇಳಿಕೆ, ಎಡಗೈ ಹೆಬ್ಬೆಟ್ಟಿನೊಂದಿಗೆ.
5. ಬಸ್ಸಿನಲ್ಲಿ ಸುದ್ದಿ ಸಾಗಿಸಿದ್ದಕ್ಕೆ ನಿರ್ವಾಹಕ ಸಲಾವುದ್ದೀನರ ದೃಢೀಕರಣ.
6. ಎಮ್ಮೆಯ ಹೇಳಿಕೆ ಲಗತ್ತಿಸಿಲ್ಲ.

ವಿಶೇಷ ಸೂಚನೆ: ಉತ್ತರವನ್ನು ದಯವಿಟ್ಟು ಎರಡು ಪ್ರತಿಗಳಲ್ಲಿ ಕಳುಹಿಸಬೇಕು. ಒಂದೇ ಪ್ರತಿ ಬಂದಲ್ಲಿ ಅದನ್ನು ಯಾರು ಯಾರಿಗೆ ಓದಿ ಹೇಳಬೇಕೆಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಕಾಲೇಜು ಕಚೇರಿಯ ಟಿಪ್ಪಣಿ, ದಿನಾಂಕ 8.4.2025

ಸಮಿತಿಯ ಅನುಮತಿಯಂತೆ ಇಂದು ಬೆಳಗ್ಗೆ 10.40ಕ್ಕೆ ಕೊಠಡಿ 6ರಲ್ಲಿ ಮರುಪರೀಕ್ಷೆ ನಡೆಯಿತು. ಪರೀಕ್ಷಕರು ಮಂಜರಿ ಮೇಡಂ ಅವರೇ. ಸಭಿಕರು ಹತ್ತೊಂಬತ್ತು. ಜವಾನರ ಬಲಗೈ ಹಾಜರಿತ್ತು. ವಿದ್ಯಾರ್ಥಿನಿಯು ಮೊದಲ ನಿಮಿಷದಿಂದಲೇ ಮಾತನಾಡಿದ್ದಾಳೆ.

ಏಳನೇ ನಿಮಿಷದಲ್ಲಿ, ಸಂಜೆಯ ಬಸ್ಸು 2013ರಲ್ಲಿ ಆರಂಭವಾಯಿತು ಎಂದು ಆಕೆ ಹೇಳಿದಾಗ ಕಿಟಕಿಯ ಹೊರಗಿನಿಂದ "ಹನ್ನೊಂದರಾಗ. ನಾ ಅದರಾಗ ಕುಂತಿದ್ದೆ" ಎಂಬ ಧ್ವನಿ ಬಂದಿದೆ. ವಿದ್ಯಾರ್ಥಿನಿಯು ಕಿಟಕಿಯ ಕಡೆಗೆ ತಿರುಗಿ, "ಅದು ಮೂರು ತಿಂಗಳಿಗೆ ನಿಂತಿತ್ತಲ್ರಿ ಕಾಕಾ. ಕಾಯಂ ಆಗಿದ್ದು ಹದಿಮೂರರಾಗ. ಶಾಲಿ ಗ್ವಾಡಿ ಮ್ಯಾಲೆ ಬರದಾರ, ನೋಡೇನಿ" ಎಂದಿದ್ದಾಳೆ. ದಾಖಲೆಗಳ ಪ್ರಕಾರ ಅವರು ಕಾಕಾ ಅಲ್ಲ, ಮಾವ. ಹೊರಗಿನಿಂದ "ಹೌದು, ನಿಂತಿತ್ತು" ಎಂದು ಕೇಳಿಬಂದಿದೆ.

ಎಂಟನೇ ನಿಮಿಷದ ಗಂಟೆ ಬಾರಿಸಲಾಗಿಲ್ಲ. ಹತ್ತನೇ ನಿಮಿಷದ್ದೂ ಇಲ್ಲ. ವಿದ್ಯಾರ್ಥಿನಿಯು ಹದಿನೇಳು ನಿಮಿಷ ಮಾತನಾಡಿದ್ದು, ಸಮಯ ಮೀರಿದ್ದಕ್ಕೆ ಮೂರು ಅಂಕ ಕಳೆದು 21 ನೀಡಲಾಗಿದೆ.

ಗಂಟೆ ಬಾರಿಸದಿರುವ ಬಗ್ಗೆ ಲಿಖಿತ ವಿವರಣೆ ನೀಡುವಂತೆ ಜವಾನರಿಗೆ ಮಧ್ಯಾಹ್ನ ಸೂಚಿಸಲಾಯಿತು. ಅವರು ಅಂಕಪಟ್ಟಿಗಾಗಿ ಕಚೇರಿಗೆ ಬಂದಿದ್ದ ಸೊಸೆಯನ್ನು ಬರೆದುಕೊಡುವಂತೆ ಕೇಳಿದ್ದಾರೆ. ಈ ಸಲ ನೀವೇ ಬರೀರಿ, ತಪ್ಪಿದ್ದರೆ ತಿದ್ದುತ್ತೇನೆ ಎಂದು ಆಕೆ ಅವರಿಗೇ ಹೇಳಿದ್ದನ್ನು ಸಿಬ್ಬಂದಿ ಕೇಳಿದ್ದಾರೆ. ಆಗ ಇಬ್ಬರ ನಡುವೆ ಗೋಡೆ ಇರಲಿಲ್ಲ.